ಅಜ್ಜನ ಗೊಟ್ಟ, ಅಳಿಯನ ತಕ್ಕಡಿ



ಹೋದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ಬಗ್ಗೆ ಬರೆದವಳು ಈ ಸಲ ಕೋವಿ, ಮದ್ದು, ಗುಂಡು ಎಂದು ಹೊರಟಿದ್ದಾಳಲ್ಲ ಎಂದು ನಿಮ್ಮ ಅಮ್ಮಂದಿರು ಹುಬ್ಬೇರಿಸಬಹುದು. ತಪ್ಪು ನನ್ನದಲ್ಲ, ನನ್ನ ಅಣ್ಣನ ಮಗನದು. ಅವನು ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾನೆ, ಓದುವುದು ಮಾತ್ರ ನಿಮ್ಮಲ್ಲಿ ಕೆಲವರ ಹಾಗೆ ಸ್ವಲ್ಪ ನಿಧಾನ. 2023ರ ಡಿಸೆಂಬರಿನಲ್ಲಿ ಖರಾಡಿಯ ನಮ್ಮ ಮನೆಗೆ ಬಂದು ಹದಿನೈದು ದಿನ ಇದ್ದ. ಒಂದು ಸಂಜೆ ಕಾಫಿ ಕುಡಿಯುತ್ತ ಕೂತಿದ್ದಾಗ, "ಅತ್ತೆ, ನನ್ನ ರೈಫಲ್ಲಿಗೆ ಬೇಕಾದ ತೋಟಾಗಳನ್ನು ನಾನೇ ಮನೆಯಲ್ಲಿ ತುಂಬಿಕೊಳ್ಳುತ್ತೇನೆ, ನಿಮಗೆ ಗೊತ್ತಾ?" ಎಂದ.

ಅವನು ಹೆಮ್ಮೆಯಿಂದಲೇ ಹೇಳಿದ. ನನಗೆ ಮಾತ್ರ ಥಟ್ಟನೆ ಕಣ್ಣ ಮುಂದೆ ಬಂದದ್ದು ನನ್ನ ಚಿಕ್ಕಪ್ಪನ ಎಡಗೈ. ಅದರ ಕತೆ ಮುಂದೆ ಹೇಳುತ್ತೇನೆ. ಮೊದಲು ಹುಡುಗನ ಮಾತು ಕೇಳಿ.

ಅವನ ಸ್ನೇಹಿತನ ಮನೆಯವರಿಗೆ ಅಲ್ಲಿ ದೊಡ್ಡ ಹುಲ್ಲುಗಾವಲು, ದನ, ಕುರಿ ಎಲ್ಲ ಇದೆಯಂತೆ. ಕುರಿಮರಿಗಳನ್ನು ಕಯೋಟಿ ಎಂಬ ಪ್ರಾಣಿ ಹೊತ್ತೊಯ್ಯುತ್ತದೆ. ನಮ್ಮ ಗುಳ್ಳೆನರಿಯ ದಾಯಾದಿ ಎನ್ನಿ. ಇನ್ನೊಂದು ಪ್ರೇರಿ ಡಾಗ್. ಹೆಸರಿನಲ್ಲಿ ನಾಯಿ, ಜಾತಿಯಲ್ಲಿ ಅಳಿಲು. ನೆಲವನ್ನೆಲ್ಲ ತೋಡಿ ಬಿಲ ಮಾಡಿ, ದನಗಳ ಪಾಲಿನ ಹುಲ್ಲು ತಿನ್ನುತ್ತದೆ. ಇವುಗಳನ್ನು ಹೊಡೆಯಲು ಅಲ್ಲಿನ ಕಾನೂನು ಲೈಸೆನ್ಸ್ ಕೊಡುತ್ತದೆ. ಇಂಥ ಉಪದ್ರವದ ಪ್ರಾಣಿಗಳಿಗೆ ಅವರು 'ವಾರ್ಮಿಂಟ್' ಎನ್ನುತ್ತಾರಂತೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ಚಪಲ ನೋಡಿ, ನಿಘಂಟು ತೆಗೆದೆ. 'ವರ್ಮಿನ್' ಎಂಬ ಶಬ್ದವೇ ಹಳ್ಳಿಗರ ಬಾಯಲ್ಲಿ ಹೀಗಾದದ್ದು, ಅದರ ಬೇರು ಲ್ಯಾಟಿನ್ನಿನಲ್ಲಿ ಹುಳು ಎಂಬ ಅರ್ಥದ ಪದ. ನಮ್ಮ ಮಲೆನಾಡಿನಲ್ಲಿ ಗದ್ದೆಗೆ ನುಗ್ಗುವ ಹಂದಿಯನ್ನು ಯಾರೂ ಹುಳು ಎಂದದ್ದು ನಾನು ಕೇಳಿಲ್ಲ. ಬೈಯುವಾಗಲೂ ಅದಕ್ಕೊಂದು ಮರ್ಯಾದೆ ಇತ್ತು.

"ಅಂಗಡಿಯಲ್ಲಿ ತೋಟಾ ಸಿಗುವುದಿಲ್ಲವೇನೋ, ನೀನೇಕೆ ತುಂಬಬೇಕು?" ಎಂದೆ. ಅವನು ನನ್ನ ರವಿಕೆ ನೋಡಿ ನಕ್ಕ. "ಅತ್ತೆ, ನೀವು ರೆಡಿಮೇಡ್ ರವಿಕೆ ಏಕೆ ಕೊಳ್ಳುವುದಿಲ್ಲ?" ಕಾರ್ಖಾನೆಯ ತೋಟಾ ಆ ಅಳತೆಯ ಎಲ್ಲ ರೈಫಲ್ಲುಗಳಿಗೂ ಅಪಾಯವಿಲ್ಲದೆ ಒಪ್ಪಬೇಕು. ಆದರೆ ಪ್ರತಿಯೊಂದು ನಳಿಗೆಗೂ ಅದರದೇ ಸ್ವಭಾವ. ಈಡು ಹಾರಿದಾಗ ಉಕ್ಕಿನ ನಳಿಗೆ ತಂಬೂರಿಯ ತಂತಿಯ ಹಾಗೆ ಅದುರುತ್ತದಂತೆ. ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ರೈಫಲ್ಲುಗಳಿಗೂ ಒಂದೇ ಈಡು ಹಿಡಿಸಬೇಕೆಂದಿಲ್ಲ. ತನ್ನ ರೈಫಲ್ಲಿಗೆ ಹಿಡಿಸುವ ಈಡು ಯಾವುದೆಂದು ಹುಡುಕಿ, ಆಮೇಲೆ ಅದನ್ನೇ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮತ್ತೆ ಮತ್ತೆ ಮಾಡುವುದು, ಇದೇ ಅವನ ಚಳಿಗಾಲದ ಕಸುಬು.

ತೋಟಾ ಎಂದರೆ ನಾಲ್ಕು ವಸ್ತು. ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಉಳಿಯುವುದು ಹಿತ್ತಾಳೆ ಕೋಶ ಒಂದೇ. ಅದು ಒತ್ತಡಕ್ಕೆ ಉಬ್ಬಿ ಆ ರೈಫಲ್ಲಿನ ಒಡಲಿನ ಆಕಾರವನ್ನೇ ತಾಳಿರುತ್ತದೆ. ಅದನ್ನು ತೊಳೆದು, ಅಚ್ಚಿನಲ್ಲಿ ಒತ್ತಿ ಹದಕ್ಕೆ ತಂದು, ಉದ್ದ ಹೆಚ್ಚಿದ್ದರೆ ಕತ್ತರಿಸಿ, ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಗುಂಡನ್ನು ಇಷ್ಟೇ ಆಳಕ್ಕೆ ಎಂದು ಒತ್ತಿ ಕೂರಿಸುತ್ತಾನೆ. ಅವನ ರೈಫಲ್ಲು ಪಾಯಿಂಟ್ 22-250 ಎಂಬ ಅಳತೆಯದು. ಗುಂಡಿನ ತೂಕ 55 ಗ್ರೇನ್. ನಮ್ಮ ಲೆಕ್ಕದಲ್ಲಿ ಮೂರೂವರೆ ಗ್ರಾಂ ಚಿಲ್ಲರೆ, ಒಂದು ಸಣ್ಣ ಉಂಗುರದ ಚಿನ್ನದಷ್ಟು. ಅದು ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ ಎಂದಾಗ ನಾನು ಸುಮ್ಮನೆ ಕಣ್ಣರಳಿಸಿದೆ.

ಗ್ರೇನ್ ಎನ್ನುವುದು ಕಾಳಿನ ತೂಕ. 7000 ಗ್ರೇನಿಗೆ ಒಂದು ಪೌಂಡು, ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಇದರ ಎರಡರಷ್ಟು ತೂಗುತ್ತದೆ. ಇವನು ಗ್ರೇನಿನ ಹತ್ತನೇ ಒಂದು ಭಾಗವನ್ನು ತೂಗುವ ತಕ್ಕಡಿ ಇಟ್ಟುಕೊಂಡಿದ್ದಾನೆ. ಅಂದರೆ ಉಪ್ಪಿನ ಕೆಲವು ಹರಳುಗಳು!

ಸರಿಯಾದ ಈಡನ್ನು ಹುಡುಕುವ ಬಗೆಯೂ ಕುತೂಹಲದ್ದೇ. ಯಾವ ಗುಂಡಿಗೆ ಯಾವ ಮದ್ದು ಎಷ್ಟು ಎಂದು ಪರೀಕ್ಷೆ ಮಾಡಿ ಅಚ್ಚು ಹಾಕಿದ ಪುಸ್ತಕಗಳಿವೆ. ಅದರಲ್ಲಿ ಕೊಟ್ಟ ಗರಿಷ್ಠ ಮಿತಿಗಿಂತ ನೂರಕ್ಕೆ ಹತ್ತರಷ್ಟು ಕೆಳಗೆ ಶುರು ಮಾಡಬೇಕು. ಸ್ವಲ್ಪಸ್ವಲ್ಪವೇ ಏರಿಸುತ್ತ ಪ್ರತಿ ಮೆಟ್ಟಿಲಿಗೆ ಐದೈದು ತೋಟಾ ತುಂಬಿ, ನೂರು ಗಜ ದೂರದ ಕಾಗದಕ್ಕೆ ಹೊಡೆದು, ಐದು ತೂತುಗಳು ಎಷ್ಟು ಒತ್ತಾಗಿ ಬಿದ್ದಿವೆ ಎಂದು ಅಳೆಯಬೇಕು. ಗುಂಡು ಕಾಗದದ ಮಧ್ಯಕ್ಕೇ ಬೀಳಬೇಕೆಂದೇನಿಲ್ಲ, ದುರ್ಬೀನನ್ನು ತಿರುಗಿಸಿ ಅದನ್ನು ಸರಿಪಡಿಸಬಹುದು. ಐದೂ ಒಂದೇ ಕಡೆ ಬೀಳಬೇಕು, ಅದು ಮುಖ್ಯ. ನೂರು ಗಜಕ್ಕೆ ಒಂದು ಅಂಗುಲ ಚೆದುರಿದರೆ ಮುನ್ನೂರು ಗಜಕ್ಕೆ ಮೂರು ಅಂಗುಲ. ಪ್ರೇರಿ ಡಾಗ್ ನಿಂತರೆ ಒಂದಡಿ ಎತ್ತರ, ನಾಲ್ಕು ಬೆರಳು ಅಗಲ. ತಪ್ಪಿದರೆ ಚಿಂತೆಯಿಲ್ಲ, ಅರೆಬರೆ ತಾಗಿ ಬಿಲಕ್ಕೆ ನುಗ್ಗಿ ನರಳುವ ಹಾಗೆ ಆಗಬಾರದು ಎಂದು ಹುಡುಗ ಹೇಳಿದ್ದು ನನಗೆ ಹಿಡಿಸಿತು. ಮೂರು ತೂತು ನೋಡಿ ಹಿಗ್ಗಬಾರದಂತೆ, ಮೂರು ಒಟ್ಟಿಗೆ ಬೀಳುವುದು ಅದೃಷ್ಟವೂ ಆಗಬಹುದು. ಐದು, ಅದೂ ಬೇರೆ ಬೇರೆ ದಿನ.

ಏರಿಸುತ್ತ ಹೋಗುವಾಗ ಪ್ರತಿಯೊಂದು ಕೋಶವನ್ನೂ ಹಣೆಗೆ ಹಿಡಿದಂತೆ ಪರೀಕ್ಷಿಸುತ್ತಾನೆ. ಕೇಪು ಚಪ್ಪಟೆಯಾಗಿದೆಯೇ, ಕೋಶ ಹೊರಬರಲು ಬಿಗಿಯುತ್ತಿದೆಯೇ? ಆದರೆ ಒತ್ತಡ ಮಿತಿ ಮೀರಿದೆ, ಅಲ್ಲಿಗೇ ನಿಲ್ಲಿಸಬೇಕು. ಚಳಿಯಲ್ಲಿ ಹದವಾಗಿದ್ದ ಈಡು ಬೇಸಿಗೆಯ ಬಿಸಿಲಲ್ಲಿ ಹೆಚ್ಚು ಒತ್ತಡ ಕೊಡುವುದುಂಟು, ಅದಕ್ಕೂ ಲೆಕ್ಕ ಇಡಬೇಕು. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ತಾರೀಖು, ಸೆಕೆ, ಗಾಳಿ, ಮದ್ದಿನ ಡಬ್ಬಿಯ ನಂಬರು ಎಲ್ಲ. ಆ ಪುಸ್ತಕದ ಚಿತ್ರ ಫೋನಿನಲ್ಲಿ ತೋರಿಸಿದ. ಶಾಲೆಯ ದಿನಗಳಲ್ಲಿ ಅವನ ಕೈಬರಹಕ್ಕೆ ಅಣ್ಣ ಎಷ್ಟು ಬೈಯುತ್ತಿದ್ದ! ಈ ಪುಸ್ತಕದಲ್ಲಿ ಒಂದೊಂದು ಅಂಕಿಯೂ ಮುತ್ತು ಪೋಣಿಸಿದ ಹಾಗಿದೆ.

ಈಗ ನನ್ನ ಸರದಿ. "ನಿನ್ನ ಮುತ್ತಜ್ಜನೂ ಇದೇ ಕೆಲಸ ಮಾಡುತ್ತಿದ್ದರು ಕಣೋ, ತಕ್ಕಡಿ ಇಲ್ಲದೆ" ಎಂದೆ.

ನಮ್ಮೂರು ತೀರ್ಥಹಳ್ಳಿಯ ಕಡೆ. ಮನೆ ಸುತ್ತ ಅಡಿಕೆ ತೋಟ, ಕೆಳಗೆ ಗದ್ದೆ, ಗದ್ದೆಯ ಆಚೆ ಕಾಡು. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಬಂದರೆ ಒಂದು ರಾತ್ರಿಯಲ್ಲಿ ಗದ್ದೆ ಚಾಪೆ ಹಾಸಿದ ಹಾಗೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಬೆಳಿಗ್ಗೆ ಎದ್ದು ಅದನ್ನು ನೋಡಿ ಅಜ್ಜಿ ಮಾತಿಲ್ಲದೆ ಕೂತದ್ದು ನನಗಿನ್ನೂ ನೆನಪಿದೆ. ಅಜ್ಜನ ಹತ್ತಿರ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ತೋಟಾ ಕೋವಿಯಲ್ಲ, ಬಾಯಿಂದ ತುಂಬುವುದು. ನಳಿಗೆಯ ಬಾಯಿಗೆ ಮದ್ದು ಸುರಿದು, ತೆಂಗಿನ ನಾರಿನ ಉಂಡೆ ತುರುಕಿ, ಸಲಾಕೆಯಲ್ಲಿ ಗಿಡಿದು, ಮೇಲೆ ಚರೆಯನ್ನೋ ಗುಂಡನ್ನೋ ಹಾಕಿ, ಮತ್ತೆ ನಾರು ತುರುಕಿ, ಕೊನೆಗೆ ಹಿಂದೆ ಕೇಪು ಕೂರಿಸಬೇಕು. ಬಹಳ ರಾತ್ರಿ ಅಜ್ಜ ಬರೀ ಮದ್ದು ಹಾಕಿ ಸದ್ದು ಮಾಡುತ್ತಿದ್ದರು, ಹಂದಿ ಓಡಿದರೆ ಸಾಕು ಎಂದು.

ಮದ್ದಿನ ಅಳತೆಗೆ ಅಜ್ಜನ ಹತ್ತಿರ ಒಂದು ಪುಟ್ಟ ಬಿದಿರಿನ ಗೊಟ್ಟ ಇತ್ತು. ದನಕ್ಕೆ ಔಷಧಿ ಹೊಯ್ಯುವ ಗೊಟ್ಟದ ಮರಿ ಎಂದಿಟ್ಟುಕೊಳ್ಳಿ, ನನ್ನ ಕಿರುಬೆರಳಿನಷ್ಟು. ಆ ಅಳತೆಯನ್ನು ಅವರು ಗಾಳಿಯಿಂದ ತಂದದ್ದಲ್ಲ. ಅಡಿಕೆ ಹಾಳೆಯೊಂದನ್ನು ಬಿಡಿಸಿ ಮರಕ್ಕೆ ಕಟ್ಟಿ, ಮೂವತ್ತು ಹೆಜ್ಜೆ ಎಣಿಸಿ ನಿಂತು ಚರೆ ಹೊಡೆದು, ಹಾಳೆಯ ತೂತುಗಳನ್ನು ಎಣಿಸುತ್ತಿದ್ದರಂತೆ. ಮದ್ದು ಕಡಿಮೆಯಾದರೆ ಚರೆ ಹಾಳೆಗೆ ತಾಗಿ ಉದುರುತ್ತದೆ. ಹೆಚ್ಚಾದರೆ ಚರೆ ಚೆದುರಿ ಹಾಳೆಯ ನಡುವೆ ಬಟ್ಟಬಯಲು. ಹೆಚ್ಚು ಮದ್ದು ಹಾಕಿದರೆ ಹೆಚ್ಚು ಪೆಟ್ಟು ಎನ್ನುವುದು ಸುಳ್ಳು ಎಂದು ಅಜ್ಜ ಹೇಳುತ್ತಿದ್ದರು. ಸರಿಯಾದ ಅಳತೆ ಸಿಕ್ಕಿದ ಮೇಲೆ ಬಿದಿರನ್ನು ಅಷ್ಟಕ್ಕೇ ಕೊಯ್ದದ್ದು. ಸಲಾಕೆಯ ಮೇಲೂ ಒಂದು ಗೀರು ಹಾಕಿದ್ದರು. ತುಂಬಿದ ಕೋವಿಗೆ ಸಲಾಕೆ ಇಳಿಸಿದರೆ ಗೀರು ಸರಿಯಾಗಿ ನಳಿಗೆಯ ಬಾಯಿಗೆ ನಿಲ್ಲಬೇಕು. ಮೇಲೆ ನಿಂತರೆ ಎರಡು ಸಲ ತುಂಬಿದ್ದೀರಿ, ಕೆಳಗಿಳಿದರೆ ಕೋವಿ ಖಾಲಿ.

ಇದನ್ನು ಕೇಳಿ ಹುಡುಗ ಕುರ್ಚಿಯ ತುದಿಗೆ ಬಂದು ಕೂತ. "ಅತ್ತೆ, ಇದು ನನ್ನ ನೋಟ್‌ಬುಕ್ಕೇ!" ಎಂದ.

ಇರಲಿ. ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. 1982, ನನಗೆ ಹನ್ನೆರಡು ವರ್ಷ. ಆ ಸಲ ಮಳೆ ಹಿಡಿದದ್ದು ಬಿಡಲಿಲ್ಲ. ಕೋವಿಯ ಕಪ್ಪು ಮದ್ದು ತೇವ ಹೀರುವ ಜಾತಿ. ಕೇಪು ಟಪ್ ಎನ್ನುತ್ತಿತ್ತು, ಈಡು ಏಳುತ್ತಿರಲಿಲ್ಲ. ಅಜ್ಜ ಜ್ವರ ಬಂದು ಮಲಗಿದ್ದರು. ಹಂದಿಗಳು ಎರಡು ರಾತ್ರಿ ಮೇಲಿಂದ ಮೇಲೆ ಬಂದವು. ಮೂರನೆಯ ದಿನ ಚಿಕ್ಕಪ್ಪ ಯಾರಿಂದಲೋ ಮೂರು ತೋಟಾ ತಂದರು. ಅವು ನಮ್ಮ ಕೋವಿಗೆ ಹೋಗುವಂಥವಲ್ಲ. ಅವನ್ನು ಬಿಚ್ಚಿ ಒಳಗಿನ ಒಣ ಮದ್ದನ್ನು ಅಜ್ಜನ ಗೊಟ್ಟಕ್ಕೆ ಸುರಿದು, ಗೊಟ್ಟ ತುಂಬಿತೆಂದು ಸಮಾಧಾನಪಟ್ಟು ಕೋವಿಗೆ ಹಾಕಿದರು. ಗೊಟ್ಟ ಅದೇ, ಕೋವಿ ಅದೇ, ನಾರು ಅದೇ. ಬದಲಾದದ್ದು ಒಂದೇ ಒಂದು.

ರಾತ್ರಿ ಗದ್ದೆ ಕಡೆಯಿಂದ ಬಂದ ಸದ್ದು ಎಂದಿನ ಧಡ್ ಎಂಬ ಸದ್ದಲ್ಲ. ಸಿಡಿಲಿನ ಹಾಗೆ ಹರಿತವಾಗಿತ್ತು. ನಳಿಗೆ ಹಿಂಭಾಗದಲ್ಲಿ ಸೀಳಿತ್ತು. ಚಿಕ್ಕಪ್ಪನ ಎಡಗೈಯ ಎರಡು ಬೆರಳು ಹೋದವು, ಹೆಬ್ಬೆರಳು ಅರ್ಧ ಉಳಿಯಿತು. ಶಿವಮೊಗ್ಗಕ್ಕೆ ಜೀಪಿನಲ್ಲಿ ಕರೆದೊಯ್ಯುವಾಗ ಅಜ್ಜಿಯ ಹಳೆ ಸೀರೆಯಲ್ಲಿ ಕೈ ಸುತ್ತಿದ್ದರು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವುದರಲ್ಲಿ ಚಿಕ್ಕಪ್ಪನನ್ನು ಮೀರಿಸಿದವರಿರಲಿಲ್ಲ. ಆಮೇಲೆ ಸುಗ್ಗಿಯಲ್ಲಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕೂತಾಗ ಅವರು ದೀಪಕ್ಕೆ ಎಣ್ಣೆ ಹಾಕಿಕೊಂಡು ಓಡಾಡುತ್ತಿದ್ದರು. ಅಜ್ಜ ಒಂದು ದಿನವೂ ಬೈಯಲಿಲ್ಲ. ಸೀಳಿದ ಕೋವಿಯನ್ನೂ ಲೈಸೆನ್ಸನ್ನೂ ಪೊಲೀಸ್ ಠಾಣೆಗೆ ಒಪ್ಪಿಸಿ ಬಂದರು, ಅಷ್ಟೇ.

ಆ ಗೊಟ್ಟ ಮಾತ್ರ ಉಳಿಯಿತು. ಅಜ್ಜಿ ತೀರಿಕೊಂಡ ಮೇಲೆ ಅವರ ಕುಂಕುಮದ ಭರಣಿಯ ಜೊತೆ ಅದೂ ನನ್ನ ಪಾಲಿಗೆ ಬಂತು. ಬೀರುವಿನಿಂದ ತೆಗೆದು ಹುಡುಗನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಅಡಿಗೆಮನೆಯಲ್ಲಿ ನಾನು ಕೇಕಿಗೆಂದು ಇಟ್ಟುಕೊಂಡ ಪುಟ್ಟ ತಕ್ಕಡಿಯ ಮೇಲೆ ಇಟ್ಟ. ಮೊದಲು ಖಾಲಿ ತೂಗಿದ, ಆಮೇಲೆ ಅಂಚಿನವರೆಗೆ ನೀರು ತುಂಬಿ ತೂಗಿದ. ವ್ಯತ್ಯಾಸ ಐದು ಗ್ರಾಂ. ಕಪ್ಪು ಮದ್ದು ಸುಮಾರಾಗಿ ನೀರಿನಷ್ಟೇ ತೂಕದ್ದಾದ್ದರಿಂದ ಅಜ್ಜನ ಈಡು 77 ಗ್ರೇನ್ ಆಸುಪಾಸು. ಅಂಥ ಕೋವಿಗೆ ಅದು ಹದವಾದ ಅಳತೆಯೇ ಎಂದ.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಚಿಕ್ಕಪ್ಪನ ಲೆಕ್ಕ ವಿವರಿಸಿದ. ಕಪ್ಪು ಮದ್ದನ್ನು ಗಾತ್ರದಲ್ಲಿ ಅಳೆಯುವುದು ರೂಢಿ, ಸ್ವಲ್ಪ ಹೆಚ್ಚುಕಡಿಮೆಯಾದರೂ ಕ್ಷಮಿಸುತ್ತದೆ. ತೋಟಾದೊಳಗಿನದು ಹೊಗೆಯಿಲ್ಲದ ಮದ್ದು. ಅದೇ ತೂಕಕ್ಕೆ ಎಷ್ಟೋ ಪಾಲು ಹೆಚ್ಚು ಶಕ್ತಿ, ಮುಚ್ಚಿದ ಕಡೆ ಒತ್ತಡ ಏರಿದಷ್ಟೂ ಇನ್ನೂ ವೇಗವಾಗಿ ಉರಿಯುವ ಗುಣ. ಒಂದು ತೋಟಾದಲ್ಲಿ ಇರುವುದೇ ಒಂದೂವರೆ ಗ್ರಾಮಿನ ಆಸುಪಾಸು. ಚಿಕ್ಕಪ್ಪ ಮೂರು ತೋಟಾಗಳದನ್ನು ಒಂದೇ ಈಡಿಗೆ, ಅದೂ ಕಪ್ಪು ಮದ್ದಿಗೆಂದು ಮಾಡಿದ ಹಳೆಯ ನಳಿಗೆಗೆ ಹಾಕಿದ್ದರು. "ನನ್ನ ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ ಮದ್ದು ಇರುತ್ತದೆ ಅತ್ತೆ. ಎರಡನೆಯದು ಬೀರುವಿನಲ್ಲಿ, ಬೀಗ ಹಾಕಿ. ತುಂಬುವಾಗ ಫೋನೂ ಹತ್ತಿರ ಇಟ್ಟುಕೊಳ್ಳುವುದಿಲ್ಲ" ಎಂದ. ಆಗ ನನ್ನ ಎದೆ ಸ್ವಲ್ಪ ಹಗುರಾಯಿತು.

ಆ ರಾತ್ರಿಯೇ ಊರಿಗೆ ಫೋನು ಮಾಡಿದೆವು. ಚಿಕ್ಕಪ್ಪನಿಗೆ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಹುಡುಗ, "ಅಜ್ಜ, ನಾನೂ ಈಡು ತುಂಬುತ್ತೇನೆ" ಎಂದು ಕೂಗಿ ಹೇಳಿದ. ಆ ಕಡೆಯಿಂದ ತುಸು ಹೊತ್ತು ಮಾತಿಲ್ಲ. "ಅಳತೆ ಯಾರು ಹೇಳಿಕೊಟ್ಟರು?" ಎಂದು ಕೇಳಿದರು. "ಪುಸ್ತಕ ಇದೆ ಅಜ್ಜ." "ಪುಸ್ತಕದಲ್ಲಿ ಇದ್ದಷ್ಟೇ ಹಾಕು ಮಗಾ" ಎಂದು, ಈ ವರ್ಷ ಕೊಳೆರೋಗಕ್ಕೆ ಅಡಿಕೆ ಎಷ್ಟು ಹೋಯಿತೆಂದು ಹೇಳತೊಡಗಿದರು.

ನಿಮ್ಮಲ್ಲಿ ಕೆಲವರಿಗೆ ಇಷ್ಟು ಹೊತ್ತಿಗೆ ಆಸೆ ಹುಟ್ಟಿರಬಹುದು. ಒಂದು ಮಾತು ಸ್ಪಷ್ಟವಾಗಿರಲಿ. ಅಳಿಯ ಅಲ್ಲಿ ಮಾಡುವುದನ್ನು ನೀವು ಇಲ್ಲಿ ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಅದೇ ಕಾಯಿದೆ ರೈತನನ್ನು ಮರೆತಿಲ್ಲ ಎನ್ನುವುದೂ ನಿಜ. ಪ್ರಾಮಾಣಿಕವಾಗಿ ಬೆಳೆ ಕಾಯುವುದಕ್ಕೆಂದು ಬಾಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಮಾತು ಅದರ 13ನೆಯ ಕಲಮಿನಲ್ಲೇ ಇದೆ. ಆದರೆ ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿಗೂ ಲೈಸೆನ್ಸ್ ಸಿಕ್ಕಿದಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, ಬೆಳೆ ಹಾಳು ಮಾಡುವ ಹಂದಿಯನ್ನಾದರೂ ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಕೊಲ್ಲುವಂತಿಲ್ಲ. ಕೇರಳದಲ್ಲಿ 2022ರಲ್ಲಿ ಈ ಅಪ್ಪಣೆ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿದರು. ಕಾಸರಗೋಡಿನ ನಮ್ಮ ಕನ್ನಡದ ಕೃಷಿಕರಿಗೂ ಅದು ಅನ್ವಯ. ಬಿಹಾರ ಮತ್ತು ಉತ್ತರಾಖಂಡದಲ್ಲಿ ಕೇಂದ್ರ ಸರ್ಕಾರ ಕೆಲಕಾಲ ಹಂದಿಯನ್ನು 'ವರ್ಮಿನ್' ಎಂದೇ ಘೋಷಿಸಿದ್ದೂ ಉಂಟು. ನನ್ನನ್ನು ಕೇಳಿದರೆ? ಕೊಲ್ಲುವುದು ನನಗೆ ಇಷ್ಟವಿಲ್ಲ. ಆದರೆ ಚಾಪೆಯಾದ ಗದ್ದೆಯ ಅಂಚಿನಲ್ಲಿ ಕೂತ ಅಜ್ಜಿಯನ್ನು ನೋಡದವರು ರೈತನಿಗೆ ಬುದ್ಧಿ ಹೇಳುವುದೂ ಇಷ್ಟವಿಲ್ಲ.

ಕೊಡಗಿನ ಗೆಳೆಯರಿದ್ದರೆ ಅವರ ಲೆಕ್ಕ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯಿಂದ ಹಿಡಿದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಅವಕಾಶ ಸಿಕ್ಕಿದರೆ ಹೋಗಿ ನೋಡಿ, ತೆಂಗಿನಕಾಯಿಗೆ ನೋವಾಗುವುದಿಲ್ಲ.

ಪುಣೆಯಲ್ಲೇ ಇರುವವರಿಗೆ ಗುರಿಯ ಹುಚ್ಚಿದ್ದರೆ ಬಾಲೇವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ಲಿನಲ್ಲಿ ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಅಭ್ಯಾಸ ಮಾಡಿದ್ದು ಅಲ್ಲಿಯೇ. ಆ ಸಣ್ಣ ಪಾಯಿಂಟ್ 22 ತೋಟಾಗಳ ಕಿಡಿಮದ್ದು ಅಂಚಿನ ಒಳಗೇ ಇರುವುದರಿಂದ ಅವನ್ನು ಮನೆಯಲ್ಲಿ ಮತ್ತೆ ತುಂಬಲು ಬರುವುದಿಲ್ಲ. ಹಾಗಾಗಿ ದೊಡ್ಡ ಸ್ಪರ್ಧಿಗಳು ಬೇರೆ ಬೇರೆ ದಿನ ತಯಾರಾದ ಪೆಟ್ಟಿಗೆಗಳನ್ನು ತಮ್ಮ ರೈಫಲ್ಲಿನಲ್ಲಿ ಹೊಡೆದು ನೋಡಿ, ಒತ್ತಾಗಿ ಬೀಳುವ ಪೆಟ್ಟಿಗೆಯನ್ನೇ ಆರಿಸಿ ಕೊಳ್ಳುತ್ತಾರಂತೆ. ಸೀರೆ ಅಂಗಡಿಯಲ್ಲಿ ನಾವು ಮಾಡುವ ಹಾಗೆ.

ಇನ್ನೊಂದು ಸಂಗತಿ ಹೇಳದಿದ್ದರೆ ನಿದ್ದೆ ಬಾರದು. ಊರಿನಲ್ಲಿ ತೋಟಾ ಕೋವಿ ಇದ್ದವರ ಅಂಗಳದಲ್ಲಿ ನಾವು ಮಕ್ಕಳು ಖಾಲಿ ತೋಟಾ ಹೆಕ್ಕಿ ಆಡುತ್ತಿದ್ದೆವು. ಅದರ ತಳದಲ್ಲಿ 'ಕೆ.ಎಫ್.' ಎಂಬ ಅಚ್ಚು. ಯಾರದೋ ಹೆಸರಿರಬೇಕು ಎಂದುಕೊಂಡಿದ್ದೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ಗೊತ್ತಾಯಿತು, ಅದು ನಮ್ಮ ಖಡಕಿ. ಇಂಗ್ಲಿಷರ ಬಾಯಲ್ಲಿ ಕಿರ್ಕಿ. 1869ರಲ್ಲಿ ಶುರುವಾದ ಅಲ್ಲಿನ ಮದ್ದುಗುಂಡಿನ ಕಾರ್ಖಾನೆ ಈಗಲೂ ಇದೆ, ಆಡಳಿತ ಮಾತ್ರ 2021ರಿಂದ ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಗೆ ಹೋಗಿದೆ.

ಅಳಿಯ ಕಾನ್ಸಸ್ಸಿಗೆ ಹೊರಡುವಾಗ, "ಮುಂದಿನ ಸಲ ಬರುವಾಗ ನಾನು ತುಂಬಿದ ಒಂದು ಖಾಲಿ ಕೋಶ ನೆನಪಿಗೆ ತರಲೇ ಅತ್ತೆ?" ಎಂದು ಕೇಳಿದ. "ಬೇಡವೇ ಬೇಡ" ಎಂದೆ. ನೀವೂ ನೆನಪಿಡಿ, ಖಾಲಿಯೋ ತುಂಬಿದ್ದೋ, ತೋಟಾ ಎಂಬ ವಸ್ತುವನ್ನು ವಿಮಾನದ ಚೀಲದಲ್ಲಿ ಇಟ್ಟುಕೊಂಡು ಪೇಚಿಗೆ ಸಿಕ್ಕವರು ಬಹಳ ಜನ. ಗೊಟ್ಟವನ್ನಾದರೂ ಕೊಡಿ ಎಂದ. ಅದನ್ನೂ ಕೊಡಲಿಲ್ಲ. ಸಂಘದ ಯುಗಾದಿ ಕಾರ್ಯಕ್ರಮಕ್ಕೆ ತರುತ್ತೇನೆ, ಹೋಳಿಗೆ ಬಡಿಸುವ ಮೇಜಿನ ಹತ್ತಿರ ನಾನಿರುತ್ತೇನೆ. ನೋಡಬೇಕೆನ್ನುವವರು ಬಂದು ಕೇಳಿ.